ಬಾಕಿ ಬರೆದವರು

ನರಗುಂದದ ಕಥೆಯನ್ನು ಹೇಳುವವರೆಲ್ಲ ಗುಡ್ಡದಿಂದಲೇ ತೊಡಗುತ್ತಾರೆ. ಅದು ತಪ್ಪಲ್ಲ. ಸುತ್ತಲೂ ಹರದಾರಿಗಟ್ಟಲೆ ಎರೆಯ ಬಯಲು, ನಡುವೆ ಒಂಟಿ ಗುಡ್ಡ, ಅದರ ನೆತ್ತಿಯ ಮೇಲೆ ಕೋಟೆಯ ಅವಶೇಷ. ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆದರೆ ನಾನು ಓದುಗರನ್ನು ಗುಡ್ಡದ ಬುಡದ ಪೇಟೆಗೆ ಕರೆದುಕೊಂಡು ಹೋಗಿ, ಬೀಜ-ಗೊಬ್ಬರದ ಅಂಗಡಿಯ ಮಗ್ಗುಲಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿಸಿ, ಒಂದು ಕೋಣೆಯಲ್ಲಿ ಕೂಡಿಸಬೇಕೆಂದಿದ್ದೇನೆ. ಇಂಥ ಕೋಣೆಗಳು ರೋಣದಲ್ಲಿಯೂ ಉಂಟು, ಗಜೇಂದ್ರಗಡದಲ್ಲಿಯೂ ಉಂಟು. ಬಾಗಿಲ ಮೇಲೆ ‘ತೆರಿಗೆ ಸಲಹೆಗಾರರು’ ಎಂಬ ಫಲಕ. ಒಳಗೆ ಎರಡು ಕಂಪ್ಯೂಟರು, ಹುರಿಯಿಂದ ಕಟ್ಟಿದ ಕಡತಗಳು, ಗೋಡೆಗೆ ಲಕ್ಷ್ಮಿಯ ಪಟವುಳ್ಳ ಕ್ಯಾಲೆಂಡರು. ಅದರಲ್ಲಿ ಪ್ರತಿ ತಿಂಗಳೂ ೧೧ ಮತ್ತು ೨೦ನೆಯ ತಾರೀಖುಗಳಿಗೆ ಕೆಂಪು ಶಾಯಿಯ ಸುತ್ತು.

ಗಿರಾಕಿಯು ಕೈಚೀಲ ತಂದು ಮೇಜಿನ ಮೇಲೆ ಸುರುವುತ್ತಾನೆ. ಲಾರಿ ಬಾಡಿಗೆಯ ಚೀಟಿ, ಖರೀದಿಯ ಬಿಲ್ಲು, ಕರೆಂಟಿನ ಬಿಲ್ಲು, ನಡುವೆ ಮಗಳ ಮದುವೆಯ ಒಂದು ಆಮಂತ್ರಣಪತ್ರಿಕೆ. ಗುಮಾಸ್ತನು ಅದನ್ನು ಮೆಲ್ಲನೆ ಬದಿಗಿಟ್ಟು ಉಳಿದುದನ್ನು ವಿಂಗಡಿಸತೊಡಗುತ್ತಾನೆ.

“ಓಟಿಪಿ ಬಂತೇನ್ರೀ, ಸಾವಕಾರ್ರ?”

“ಇನ್ನೂ ಬಂದಿಲ್ರೀ. ಫೋನ್ ಮನ್ಯಾಗ ಐತಿ, ಹುಡುಗನ್ನ ಕಳಿಸೇನಿ.”

ಹುಡುಗ ಬರುವವರೆಗೆ ಸರಕಾರದ ಖಜಾನೆಯೂ ಕಾಯಬೇಕು.

ಈ ಕೋಣೆಯಲ್ಲಿ ಕೂತವನ ಕಸುಬು ಹೊಸದೆಂದು ನಾವು ತಿಳಿದಿದ್ದೇವೆ. ಫಲಕ ಹೊಸದು, ಯಂತ್ರ ಹೊಸದು, ನಿಜ. ಆದರೆ ದೊರೆತನಕ್ಕೂ ದುಡಿಯುವವನಿಗೂ ನಡುವೆ ಕೂತು, ಇವನು ಕೊಡಬೇಕಾದುದೆಷ್ಟು, ಕೊಟ್ಟುದೆಷ್ಟು, ಬಾಕಿ ಎಷ್ಟು ಎಂದು ಬರೆಯುವ ಕೆಲಸಕ್ಕೆ ಈ ಸೀಮೆಯಲ್ಲಿ ಬಲು ಹಳೆಯ ಪೀಳಿಗೆ ಉಂಟು. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಈ ಮೂರು ಊರುಗಳ ಸುತ್ತ ರಕ್ತ ಹರಿದಾಗಲೆಲ್ಲ ಜಗಳದ ಮೂಲದಲ್ಲಿ ಒಂದು ಲೆಕ್ಕದ ಹಾಳೆ ಇದೆ. ಯುದ್ಧ, ಬಂಡಾಯ, ಗೋಳಿಬಾರುಗಳೆಂದು ನಾವು ಓದಿಕೊಂಡು ಬಂದಿರುವ ಸಂಗತಿಗಳನ್ನು ಆ ಹಾಳೆಯ ಕಡೆಯಿಂದ ಒಮ್ಮೆ ನೋಡುವುದು ನನ್ನ ಉದ್ದೇಶ.

ತೀರ ಹಿಂದಕ್ಕೆ ಹೋಗುವುದಾದರೆ ರೋಣ–ಗಜೇಂದ್ರಗಡಗಳ ನಡುವಿನ ಸೂಡಿಗೆ ಹೋಗಬೇಕು. ಚಾಲುಕ್ಯರ ಕಾಲದಲ್ಲಿ ಅದು ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣ. ಅರಸುಮನೆತನದ ಅಕ್ಕಾದೇವಿ ಆಳಿದ ಊರು. ಚೋಳರೊಡನೆ ನಡೆದ ಕದನದಲ್ಲಿ ಊರಿನ ಕಟ್ಟಳೆಗಳು ಕೆಟ್ಟುಹೋದಾಗ, ಹನ್ನೊಂದನೆಯ ಶತಮಾನದ ನಡುವಿನಲ್ಲಿ, ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಆ ಕಟ್ಟಳೆಯನ್ನು ಮರಳಿ ಬರೆದುಕೊಟ್ಟುದನ್ನು ಅಲ್ಲಿಯ ಶಾಸನ ಹೇಳುತ್ತದೆ. ಹಕ್ಕು-ಬಾಧ್ಯತೆಗಳನ್ನು ಕಲ್ಲಿನ ಮೇಲೆ ಕೊರೆದು ಊರ ನಡುವೆ ನಿಲ್ಲಿಸುತ್ತಿದ್ದ ಕಾಲವದು. ಓದು ಬಾರದವನು ಕೂಡ ಕಲ್ಲನ್ನು ಮುಟ್ಟಿ ನೋಡಬಹುದಾಗಿತ್ತು. ಮುಂದೆ ಲೆಕ್ಕವು ಕಲ್ಲನ್ನು ಬಿಟ್ಟು ಕಾಗದಕ್ಕೆ ಬಂದಿತು; ಕಾಗದವು ರುಮಾಲಿನಲ್ಲಿ ಗಂಟಾಯಿತು; ಗಂಟು ಒಬ್ಬನ ಮನೆ ಸೇರಿತು.

ಆ ಒಬ್ಬನೇ ಕುಲಕರ್ಣಿ. ‘ಕುಳ’ ಎಂದರೆ ಕಂದಾಯ ಕೊಡುವ ಒಕ್ಕಲು; ಕುಳಗಳ ಲೆಕ್ಕ ಬರೆಯುವವನು ಕುಲಕರ್ಣಿ ಎಂದು ಹೆಸರನ್ನು ಬಿಡಿಸುವುದುಂಟು. ನಮ್ಮ ನಾಟಕಗಳಲ್ಲಿ ಅವನು ಸಾಮಾನ್ಯವಾಗಿ ಖಳ. ಅದರಲ್ಲಿ ಸ್ವಲ್ಪ ಸತ್ಯವೂ ಇದ್ದೀತು. ಆದರೆ ಅವನ ದಿನಚರಿಯನ್ನು ನೋಡಿರಿ. ಸುಗ್ಗಿಗೆ ಮುಂಚೆ ಹೊಲಹೊಲ ತಿರುಗಿ ಯಾರ ಹೊಲದಲ್ಲಿ ಬಿಳಿಜೋಳ, ಯಾರದರಲ್ಲಿ ಹತ್ತಿ, ಯಾವುದು ಬೀಳುಭೂಮಿ ಎಂದು ಬರೆದುಕೊಳ್ಳಬೇಕು. ಕಂತಿನ ಹೊತ್ತಿಗೆ ಗೌಡನೊಡನೆ ಚಾವಡಿಯಲ್ಲಿ ಕೂತು ವಸೂಲಾದ ಹಣವನ್ನು ಕಿರ್ದಿಗೆ ಹಾಕಿ, ಕುಳದ ಹೆಸರಿನ ಖಾತೆಗೆ ಏರಿಸಿ, ಪಾವತಿ ಬರೆದುಕೊಡಬೇಕು. ಜಮಾಬಂದಿಗೆ ಸಾಹೇಬರು ಡೇರೆ ಹಾಕಿದರೆ ಗಂಟನ್ನು ಹೊತ್ತು ಅಲ್ಲಿಗೆ ಹೋಗಿ, ಕಾಲು ಮಡಿಸಿ ಕೂತು, ಕೇಳಿದ ಹಾಳೆಯನ್ನು ಕೇಳಿದ ಕ್ಷಣದಲ್ಲಿ ತೆಗೆಯಬೇಕು. ಇಷ್ಟಕ್ಕೆ ಅವನಿಗೆ ವತನದ ಹೊಲ, ಮೇಲೆ ಸ್ವಲ್ಪ ಪೋಟಗಿ. ಬರೆಯುತ್ತಿದ್ದುದು ಬಹುಮಟ್ಟಿಗೆ ಮರಾಠಿ, ಲಿಪಿ ಮೋಡಿ. ಕೈಯೆತ್ತದೆ ಓಟಕ್ಕೆ ಬರೆಯುವ ಆ ಲಿಪಿ ಕುಲಕರ್ಣಿಗೆ ಅನುಕೂಲವಾದಷ್ಟೇ ಒಕ್ಕಲಿಗನಿಗೆ ಅಗಮ್ಯ. ತನ್ನ ಬಾಕಿ ತನಗೆ ಓದಲು ಬಾರದ ಅಕ್ಷರದಲ್ಲಿ, ತಾನು ಮನೆಯಲ್ಲಿ ಆಡದ ಭಾಷೆಯಲ್ಲಿ ಇರುತ್ತಿತ್ತು. ಈ ಸೀಮೆಯ ರೈತನಿಗೂ ಲೆಕ್ಕಕ್ಕೂ ಇದ್ದ ಸಂಬಂಧವನ್ನು ತಿಳಿಯಲು ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಮೊದಲ ದೊಡ್ಡ ಜಗಳ ರೈತನದಲ್ಲ, ನರಗುಂದದ ದೊರೆಯದೇ. ೧೭೭೮ರಲ್ಲಿ ಹೈದರಾಲಿಯು ಈ ಸೀಮೆಯನ್ನು ಗೆದ್ದಾಗ, ವರ್ಷಕ್ಕಿಷ್ಟು ಕಪ್ಪವೆಂದು ಗೊತ್ತುಮಾಡಿ ವೆಂಕಟರಾವ್ ಭಾವೆಯ ಕೈಯಲ್ಲಿಯೇ ಸಂಸ್ಥಾನವನ್ನು ಬಿಟ್ಟಿದ್ದನು. ಟಿಪ್ಪು ಪಟ್ಟಕ್ಕೆ ಬಂದ ಮೇಲೆ ಕಪ್ಪವನ್ನು ಹೆಚ್ಚಿಸಿ ಕೇಳಿದನು. ಸಂಸ್ಥಾನದ ಕಾರಭಾರಿ ಕಾಳೋಪಂತನು ಪುಣೆಗೆ ಬರೆದನು. ಆಗ ನಾನಾ ಫಡ್ನವೀಸನು ಎತ್ತಿದ ವಾದವನ್ನು ಇಂದಿನ ವಕೀಲರೂ ಮೆಚ್ಚಿಯಾರು: ಜಹಗೀರುದಾರನು ಒಬ್ಬ ದೊರೆಯಿಂದ ಇನ್ನೊಬ್ಬ ದೊರೆಯ ಕೈಗೆ ಹೋದರೂ, ಅವನು ನಿಷ್ಠೆಯಿಂದಿರುವ ತನಕ ರೂಢಿಯ ಕಪ್ಪಕ್ಕಿಂತ ಹೆಚ್ಚನ್ನು ಕೇಳಲಾಗದು. ಟಿಪ್ಪುವಿನ ಉತ್ತರ ಚಿಕ್ಕದು: ನನ್ನ ಪ್ರಜೆಯಿಂದ ಎಷ್ಟು ತೆಗೆದುಕೊಳ್ಳಬೇಕೆಂಬುದು ನನಗೆ ಸೇರಿದ್ದು. ಈ ಎರಡು ವಾಕ್ಯಗಳ ನಡುವೆ ತೆರಿಗೆಯ ಕಾನೂನು ಇಂದಿಗೂ ಓಲಾಡುತ್ತಿದೆ. ೧೭೮೫ರಲ್ಲಿ ಮುತ್ತಿಗೆ ಬಿದ್ದು ಕೋಟೆ ಶರಣಾಯಿತು. ವೆಂಕಟರಾವನೂ ಕಾಳೋಪಂತನೂ ಕಬ್ಬಾಳದುರ್ಗದ ಸೆರೆಗೆ ಹೋದರು. ಆಮೇಲೆ ಮರಾಠರಿಗೂ ಟಿಪ್ಪುವಿಗೂ ಯುದ್ಧ ನಡೆದು, ೧೭೮೭ರಲ್ಲಿ ಒಪ್ಪಂದವಾದದ್ದು ಗಜೇಂದ್ರಗಡದಲ್ಲಿ. ಅದನ್ನು ಚರಿತ್ರೆಯ ಪುಸ್ತಕಗಳು ಸಂಧಿ ಎನ್ನುತ್ತವೆ. ಲೆಕ್ಕಿಗನ ಕಣ್ಣಿಗೆ ಅದೊಂದು ಬಾಕಿಯ ಚುಕ್ತಾ: ಹಿಂದಿನ ಕಪ್ಪದ ಬಾಬತ್ತು ೪೮ ಲಕ್ಷ ರೂಪಾಯಿ, ಅದರ ಮೇಲೆ ನರಗುಂದ, ಕಿತ್ತೂರು, ಬಾದಾಮಿಗಳು ಮರಾಠರಿಗೆ.

ಎರಡನೆಯ ಜಗಳ ಎಲ್ಲರಿಗೂ ಗೊತ್ತಿರುವುದು, ಆದರೆ ಅದರ ಕಾಗದದ ಮಗ್ಗುಲು ಅಷ್ಟಾಗಿ ಗೊತ್ತಿಲ್ಲ. ೧೮೧೮ರಲ್ಲಿ ಪೇಶವಾಯಿ ಮುಳುಗಿ ಧಾರವಾಡ ಸೀಮೆ ಕಂಪನಿಗೆ ಸೇರಿತು. ಇನಾಮು ಭೂಮಿಗಳ ಕಂದಾಯ ಖಜಾನೆಗೆ ಬಾರದಿರುವುದು ಕಂಪನಿಯವರ ಕಣ್ಣು ಚುಚ್ಚುತ್ತಿತ್ತು. ೧೮೪೩ರಿಂದ ದಕ್ಷಿಣ ಮರಾಠಾ ಸೀಮೆಯಲ್ಲಿ ಇನಾಮುಗಳ ವಿಚಾರಣೆ ತೊಡಗಿತು. ೧೮೫೨ರ ಕಾಯಿದೆಯಿಂದ ಇನಾಂ ಕಮಿಷನ್ನಿಗೆ ಹಲ್ಲು ಬಂದವು. ನಿನ್ನ ಸನದು ಎಲ್ಲಿ, ಯಾರು ಕೊಟ್ಟರು, ಯಾವ ಸಾಲಿನಿಂದ ಅನುಭವಿಸುತ್ತ ಬಂದಿದ್ದೀ ಎಂದು ಮನೆಮನೆಗೆ ಪ್ರಶ್ನೆ. ಹೇಳಿಕೆಯನ್ನು ಪುಣೆಯ ಪೇಶವೆ ದಫ್ತರದ ರುಮಾಲುಗಳೊಡನೆ ಹೋಲಿಸಿ ನೋಡುತ್ತಿದ್ದರು. ನಾಲ್ಕು ತಲೆಮಾರು ಉಂಡ ಹೊಲಕ್ಕೆ ಕಾಗದ ತೋರಿಸೆಂದರೆ ಎಷ್ಟು ಜನ ತೋರಿಸಿಯಾರು? ಸನದು ಗೆದ್ದಲಿಗೆ ಹೋಗಿರುತ್ತದೆ, ಇಲ್ಲವೆ ಪಾಲಿನ ಜಗಳದಲ್ಲಿ ದಾಯಾದಿಯ ಮನೆ ಸೇರಿರುತ್ತದೆ.

ನರಗುಂದದ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆಗೆ ಗಂಡುಸಂತಾನವಿರಲಿಲ್ಲ; ದತ್ತಕಕ್ಕೆ ಅಪ್ಪಣೆ ಸಿಕ್ಕಲಿಲ್ಲ. ಅವನು ತೀರಿಕೊಂಡ ಮರುದಿನ ಸಂಸ್ಥಾನ ಕಂಪನಿಯ ಜಮೆಗೆ ಹೋಗುವುದು ನಿಶ್ಚಿತವಾಗಿತ್ತು. ೧೮೫೮ರ ಮೇ ೨೯ರ ರಾತ್ರಿ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸಾಹೇಬನನ್ನು ಬಾಬಾಸಾಹೇಬನ ಜನ ಕೊಂದು, ಅವನ ತಲೆಯನ್ನು ನರಗುಂದಕ್ಕೆ ತಂದರು. ಈ ಮ್ಯಾನ್ಸನ್ ಯಾರು? ಏಜೆಂಟನಾಗುವುದಕ್ಕೆ ಮುಂಚೆ ಇನಾಂ ಕಮಿಷನ್ನಿನಲ್ಲಿ ದುಡಿದವನು. ಜನ ಅವನನ್ನು ಕಂಡದ್ದು ಸೈನಿಕನೆಂದಲ್ಲ, ಕಾಗದ ಕೇಳುವವನೆಂದು. ಅದೇ ದಿನಗಳಲ್ಲಿ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿಯ ಭೀಮರಾವ್ ಕೂಡ ಕಂಪನಿಯ ಕೆಳಗೆ ಮಾಮಲೇದಾರಿಕೆ ಮಾಡಿದ್ದವನು. ಕಂದಾಯದ ಯಂತ್ರವನ್ನು ಒಳಗಿನಿಂದ ಬಲ್ಲವನು. ಜೂನ್ ೧೨ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ನರಗುಂದ ಧಾರವಾಡ ಜಿಲ್ಲೆಗೆ ಸೇರಿತು. ಬಂಡಾಯಕ್ಕೆ ಕೂಡದ ಮಲಸಹೋದರನ ರಾಮದುರ್ಗ ಸಂಸ್ಥಾನ ಮಾತ್ರ ೧೯೪೮ರ ತನಕ ಬಾಳಿತು.

ಬಂಡಾಯವನ್ನು ಅಡಗಿಸಲು ಖರ್ಚು ಬಿದ್ದಿತಷ್ಟೆ. ಆ ಖರ್ಚನ್ನು ತುಂಬಿಕೊಳ್ಳಲು ವಿಲಾಯತಿಯಿಂದ ಜೇಮ್ಸ್ ವಿಲ್ಸನ್ ಎಂಬ ಲೆಕ್ಕಪಂಡಿತನನ್ನು ಕರೆಯಿಸಿದರು. ‘ಎಕನಾಮಿಸ್ಟ್’ ಪತ್ರಿಕೆಯನ್ನು ಹುಟ್ಟಿಸಿದವನು ಈತನೇ. ಅವನು ೧೮೬೦ರಲ್ಲಿ ಈ ದೇಶಕ್ಕೆ ಆದಾಯ ತೆರಿಗೆಯನ್ನು ತಂದನು: ವರ್ಷಕ್ಕೆ ೨೦೦ ರೂಪಾಯಿಯಿಂದ ೫೦೦ರವರೆಗಿನ ಆದಾಯಕ್ಕೆ ನೂರಕ್ಕೆ ಎರಡು, ಅದರ ಮೇಲಿನದಕ್ಕೆ ನೂರಕ್ಕೆ ನಾಲ್ಕು. ತಂದ ವರ್ಷವೇ ಕಲ್ಕತ್ತೆಯಲ್ಲಿ ತೀರಿಕೊಂಡನು. ಇಂದು ನರಗುಂದದ ಪೇಟೆಯಲ್ಲಿ ಜುಲೈ ತಿಂಗಳಲ್ಲಿ ರಿಟರ್ನು ತುಂಬುವ ಮಾಸ್ತರರಿಗೆ, ತಮ್ಮೂರ ದೊರೆ ಎದ್ದ ಬಂಡಾಯಕ್ಕೂ ತಾವು ತುಂಬುವ ಹಾಳೆಗೂ ಇರುವ ಈ ನಂಟು ಹೊಳೆಯುವುದು ವಿರಳ.

ಆ ತೆರಿಗೆ ೧೮೬೫ರಲ್ಲಿ ನಿಂತು, ರೂಪ ಬದಲಿಸುತ್ತ ಬಂದು, ೧೮೮೬ರ ಕಾಯಿದೆಯಿಂದ ನೆಲೆಯೂರಿತು. ಆಗ ಒಕ್ಕಲುತನದ ಆದಾಯವನ್ನು ಹೊರಗಿಟ್ಟರು. ಹೀಗಾಗಿ ಎರೆಸೀಮೆಯಲ್ಲಿ ಲೆಕ್ಕಿಗರು ಎರಡು ಪಂಗಡವಾದರು. ಹೊಲದ ಲೆಕ್ಕಕ್ಕೆ ಕುಲಕರ್ಣಿ. ಪೇಟೆಯ ಲೆಕ್ಕಕ್ಕೆ ಮುನೀಮ. ಹತ್ತಿಯ ಅಡತಿ ಅಂಗಡಿಯ ಗಾದಿಯ ಮೇಲೆ ಕೆಳಮೇಜು ಇಟ್ಟುಕೊಂಡು ಕೂತ ಮುನೀಮನು ಸಾವಕಾರನ ಮನುಷ್ಯ. ಕುಲಕರ್ಣಿಯ ಗಂಟನ್ನು ಸರಕಾರ ಯಾವಾಗ ಬೇಕಾದರೂ ಬಿಚ್ಚಿಸಬಹುದು; ಮುನೀಮನ ಕಿರ್ದಿ-ಖತಾವಣಿಗಳನ್ನು ಸಾವಕಾರನ ಅಪ್ಪಣೆಯಿಲ್ಲದೆ ಯಾರೂ ಮುಟ್ಟುವಂತಿರಲಿಲ್ಲ. ಆತನ ವರ್ಷ ದೀಪಾವಳಿಯ ಪಾಡ್ಯಕ್ಕೆ ಹುಟ್ಟುತ್ತಿತ್ತು. ಕೆಂಪು ಬಟ್ಟೆಯ ರಟ್ಟಿನ ಹೊಸ ವಹಿಗೆ ಅರಿಸಿನ-ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ ‘ಶ್ರೀ’ ಬರೆದು, ಹಳೆಯ ಬಾಕಿಗಳನ್ನು ಹೊಸ ವಹಿಗೆ ಎಳೆದುಕೊಂಡರೆ ವರ್ಷ ತೊಡಗಿತು.

ಈ ಎರಡು ಪಂಗಡಗಳು ಒಂದಾಗಿ ಇಂದಿನ ಸಲಹೆಗಾರನು ಹುಟ್ಟಿದ್ದು ಹೆಚ್ಚುಕಡಿಮೆ ಹತ್ತು ವರ್ಷಗಳ ಅವಧಿಯಲ್ಲಿ. ೧೯೪೬ರಲ್ಲಿ ಮುಂಬಯಿ ಪ್ರಾಂತದಲ್ಲಿ ಮಾರಾಟ ತೆರಿಗೆ ಬಂದಿತು. ಅಲ್ಲಿಯ ತನಕ ಆದಾಯ ತೆರಿಗೆಯ ಮಿತಿಗೆ ಕೆಳಗಿದ್ದ ಅಂಗಡಿಕಾರನೂ ಸರಕಾರಕ್ಕೆ ಪುಸ್ತಕ ತೋರಿಸುವವನಾದನು. ೧೯೪೭ರಲ್ಲಿ ಹುಬ್ಬಳ್ಳಿಯಲ್ಲಿ ಜಗದ್ಗುರು ಗಂಗಾಧರ ವಾಣಿಜ್ಯ ಕಾಲೇಜು ತೆರೆಯಿತು. ಲೆಕ್ಕ ಕಲಿಯಲು ಮುಂಬಯಿಗೆ ಹೋಗಬೇಕಿಲ್ಲವಾಯಿತು. ೧೯೪೯ರಲ್ಲಿ ಚಾರ್ಟರ್ಡ್ ಅಕೌಂಟೆಂಟರ ಕಾಯಿದೆ. ೧೯೫೧ರ ಮೇ ೧ರಿಂದ ಮುಂಬಯಿ ರಾಜ್ಯದಲ್ಲಿ ಕುಲಕರ್ಣಿ ವತನಗಳು ರದ್ದಾದವು. ಗಂಟು ಚಾವಡಿಗೆ ಹೋಗಿ ಸಂಬಳದ ತಲಾಟಿಯ ಕೈ ಸೇರಿತು. ೧೯೫೬ರಲ್ಲಿ ರಾಜ್ಯವೇ ಬದಲಾಗಿ, ಮರುವರ್ಷ ಮೈಸೂರಿನ ಮಾರಾಟ ತೆರಿಗೆ ಕಾಯಿದೆ ಬಂದಿತು. ಹನ್ನೊಂದು ವರ್ಷಗಳಲ್ಲಿ ಕಾಯಿದೆಯ ಮೇಲೆ ಕಾಯಿದೆ, ಎಲ್ಲವೂ ಇಂಗ್ಲಿಷಿನಲ್ಲಿ. ರೋಣದ ಸೇಂಗಾ ವ್ಯಾಪಾರಿ ಏನು ಮಾಡಿಯಾನು? ಮುನೀಮನಿಗೆ ಲೆಕ್ಕ ಬರುತ್ತದೆ, ಕಾಯಿದೆ ಬಾರದು. ವಕೀಲನಿಗೆ ಕಾಯಿದೆ ಬರುತ್ತದೆ, ಖತಾವಣಿ ತಿಳಿಯದು. ಎರಡನ್ನೂ ಅಷ್ಟಿಷ್ಟು ಬಲ್ಲ ಬಿ.ಕಾಂ. ಹುಡುಗ ಊರಿಗೆ ಮರಳಿ ಬಂದು ಮೆಟ್ಟಿಲ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದನು.

ಆ ಕಾಲದ ಕೆಲಸ ಹೇಗಿತ್ತೆಂಬುದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಹತ್ತಿಯೂ ಎಣ್ಣೆಕಾಳುಗಳೂ ಕೇಂದ್ರದ ಕಾನೂನಿನಲ್ಲಿ ವಿಶೇಷ ಮಹತ್ವದ ಸರಕುಗಳು. ಅವಕ್ಕೆ ರಾಜ್ಯದೊಳಗೆ ಒಂದೇ ಹಂತದಲ್ಲಿ ತೆರಿಗೆ. ಯಾವ ಹಂತದಲ್ಲಿ, ಯಾರ ಕೈಯಲ್ಲಿ ಎಂಬುದೇ ನಿತ್ಯದ ವ್ಯಾಜ್ಯ. ಅಡತಿಯವನು ಮಿಲ್ಲಿನ ಕಡೆ ಬೆರಳು ತೋರಿಸುವನು, ಮಿಲ್ಲಿನವನು ಅಡತಿಯ ಕಡೆ. ಸರಕು ಸೊಲ್ಲಾಪುರಕ್ಕೋ ಮುಂಬಯಿಗೋ ಹೋಗಿದ್ದರೆ ಅಲ್ಲಿಯ ಖರೀದಿದಾರನಿಂದ ‘ಸಿ’ ಫಾರ್ಮು ತರಿಸಬೇಕು. ಅವನು ಕಳಿಸುವವರೆಗೆ ಪತ್ರದ ಮೇಲೆ ಪತ್ರ. ಅಸೆಸ್‌ಮೆಂಟಿನ ದಿನ ವಹಿಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ಬಸ್ಸಿನ ಮೇಲೆ ಹೇರಿ ಕಚೇರಿಗೆ ಒಯ್ಯುವುದು. ಅಧಿಕಾರಿ ಪುಟ ತಿರುವುವಾಗ ವ್ಯಾಪಾರಿ ಅಧಿಕಾರಿಯ ಮುಖ ನೋಡುತ್ತಿದ್ದನು, ಸಲಹೆಗಾರನು ಬೆರಳನ್ನು ನೋಡುತ್ತಿದ್ದನು: ಬೆರಳು ಎಲ್ಲಿ ನಿಂತೀತು? ಅವನ ವಿದ್ಯೆಯೆಲ್ಲ ಆ ನಿಂತ ಬೆರಳಿಗೆ ಉತ್ತರ ಕೊಡುವುದರಲ್ಲಿತ್ತು.

ಅವನ ಸಂಕಟವೂ ಅಲ್ಲಿಯೇ. ಹಣ ಕೊಡುವವನು ವ್ಯಾಪಾರಿ, ನಂಬಬೇಕಾದವನು ಅಧಿಕಾರಿ. ಸಾವಕಾರನ ಎರಡನೆಯ ವಹಿ ಎಲ್ಲಿದೆಯೆಂಬುದು ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದವರುಂಟು. “ಇದಕ್ಕ ನಾ ಸಹಿ ಹಾಕಂಗಿಲ್ರೀ” ಎಂದು ಗಂಟನ್ನು ಹಿಂದಕ್ಕೆ ಕೊಟ್ಟು ಗಿರಾಕಿಯನ್ನು ಕಳೆದುಕೊಂಡವರೂ ಉಂಟು. ಚಿಕ್ಕ ಊರಿನಲ್ಲಿ ಗಿರಾಕಿಯನ್ನು ಕಳೆದುಕೊಂಡರೆ ಅವನ ಬೀಗರನ್ನೂ ಕಳೆದುಕೊಂಡಂತೆಯೇ.

ಮೂರನೆಯ ಜಗಳದ ಹೊತ್ತಿಗೆ ರೈತನ ಪಕ್ಕದಲ್ಲಿ ಹೀಗೆ ಯಾರೂ ಇರಲಿಲ್ಲ. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಗಿ, ಎಪ್ಪತ್ತರ ದಶಕದಲ್ಲಿ ಕಾಲುವೆಗಳು ನರಗುಂದ, ನವಲಗುಂದಗಳತ್ತ ಬಂದವು. ೧೯೭೨ರಲ್ಲಿ ಧಾರವಾಡದಲ್ಲಿ ಡಾ. ಕಟರಕಿಯವರು ಹೊರತಂದ ವರಲಕ್ಷ್ಮಿ ಹತ್ತಿಯನ್ನು ಜನ ಹುರುಪಿನಿಂದ ಬಿತ್ತಿದರು. ನೀರು ಬಂದರೆ ಹೊಲದ ಬೆಲೆ ಏರುತ್ತದೆ, ಏರಿದುದರಲ್ಲಿ ಸರಕಾರಕ್ಕೂ ಪಾಲು ಸಲ್ಲಬೇಕು ಎಂಬ ತರ್ಕದ ಮೇಲೆ ೧೯೫೭ರಷ್ಟು ಹಿಂದೆಯೇ ಒಂದು ಕಾಯಿದೆ ಆಗಿತ್ತು. ಅದರ ಮೇರೆಗೆ ಅಭಿವೃದ್ಧಿ ಕರ. ಕಾಗದದ ಮೇಲೆ ತರ್ಕಕ್ಕೆ ಕುಂದಿಲ್ಲ. ಆದರೆ ಕಾಲುವೆಯ ತುದಿಯ ಹೊಲಕ್ಕೆ ನೀರು ಮುಟ್ಟಿರಲಿಲ್ಲ; ಮುಟ್ಟಿದ ಕಡೆ ಎಷ್ಟೋ ಎರೆ ಸವಳಾಗುತ್ತಿತ್ತು; ಹತ್ತಿಯ ಧಾರಣೆ ಕುಸಿದಿತ್ತು. ಪಟ್ಟಿಯಲ್ಲಿ ಮಾತ್ರ ಸರ್ವೆ ನಂಬರು, ಎಕರೆ, ಬಾಕಿ ಎಲ್ಲವೂ ಅಚ್ಚುಕಟ್ಟು. ಈ ಬಾಕಿ ಕನ್ನಡದಲ್ಲಿಯೇ ಇತ್ತು, ಓದಲೂ ಬರುತ್ತಿತ್ತು. ಓದಿದ್ದರಿಂದಲೇ ಸಿಟ್ಟು ಬಂದಿತು.

ವ್ಯಾಪಾರಿಗಾದರೆ ಅಸೆಸ್‌ಮೆಂಟು, ಅಪೀಲು, ಪರವಾಗಿ ಮಾತಾಡಲು ಒಬ್ಬ ಸಲಹೆಗಾರ ಇರುತ್ತಾನೆ. ಆದಾಯ ತೆರಿಗೆಯಿಂದ ಹೊರಗುಳಿದ ರೈತನಿಗೆ ಮೆಟ್ಟಿಲ ಮೇಲಿನ ಕೋಣೆಯ ಪರಿಚಯವಿರಲಿಲ್ಲ. ಕಾಲುವೆಯ ರೈತರು ಸಮನ್ವಯ ಸಮಿತಿ ಕಟ್ಟಿಕೊಂಡು ಸತ್ಯಾಗ್ರಹಕ್ಕೆ ಕೂತರು. ೧೯೮೦ರ ಜುಲೈ ೨೧ರಂದು ನರಗುಂದದ ತಹಸೀಲ್ದಾರ ಕಚೇರಿಯ ಮುಂದೆ ಗೋಳಿಬಾರಾಗಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಸತ್ತರು; ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ಕೆರಳಿದ ಗುಂಪಿನ ಕೈಯಲ್ಲಿ ನರಗುಂದದ ಪೊಲೀಸರೂ ಸತ್ತರು. ಅವರೂ ಸಂಬಳಕ್ಕೆ ನಿಂತವರು. ಅವರನ್ನು ನೆನೆಯದೆ ಈ ದಿನದ ಲೆಕ್ಕ ಪೂರ್ತಿಯಾಗದೆಂದು ನನಗನಿಸುತ್ತದೆ. ಗುಂಡೂರಾಯರ ಸರಕಾರ ಕರದ ವಸೂಲಿಯನ್ನು ಕೈಬಿಟ್ಟಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಬಾಕಿಯ ಪಟ್ಟಿಯೊಂದನ್ನು ಹೊಲದ ನಿಜಸ್ಥಿತಿಯೊಡನೆ ಕೂತು ತಾಳೆ ನೋಡಿದ್ದರೆ ಇಷ್ಟು ಜೀವ ಉಳಿಯುತ್ತಿದ್ದವೆ? ಹೇಳುವುದು ಕಠಿಣ. ತಾಳೆ ನೋಡುವವನ ಕುರ್ಚಿ ಖಾಲಿಯಿತ್ತೆಂಬುದನ್ನು ಮಾತ್ರ ಹೇಳಬಹುದು.

ಮುಂದಿನ ಬದಲಾವಣೆಗಳು ಸದ್ದಿಲ್ಲದೆ ಬಂದವು. ೧೯೮೯ರಿಂದ ಆದಾಯ ತೆರಿಗೆಗೆ ಎಲ್ಲರ ವರ್ಷವೂ ಮಾರ್ಚ್ ೩೧ಕ್ಕೇ ಮುಗಿಯಬೇಕೆಂದಾಯಿತು. ದೀಪಾವಳಿಯ ವರ್ಷ ಪೂಜೆಗಷ್ಟೇ ಉಳಿಯಿತು. ೨೦೦೫ರ ಏಪ್ರಿಲ್‌ನಲ್ಲಿ ವ್ಯಾಟ್. ೨೦೧೭ರ ಜುಲೈ ೧ರಂದು ಜಿ.ಎಸ್.ಟಿ. ಇದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಗಜೇಂದ್ರಗಡದಂಥ ನೇಯ್ಗೆಯ ಊರಿಗೆ. ೧೯೫೭ರಿಂದ ಬಟ್ಟೆಗೆ ಮಾರಾಟ ತೆರಿಗೆಯ ಬದಲು ಕೇಂದ್ರವೇ ಹೆಚ್ಚುವರಿ ಅಬಕಾರಿ ಸುಂಕದ ಏರ್ಪಾಡು ಮಾಡಿತ್ತಾದ್ದರಿಂದ, ಸೀರೆಯ ವ್ಯಾಪಾರಿ ಅರವತ್ತು ವರ್ಷ ಮಾರಾಟ ತೆರಿಗೆಯ ಕಚೇರಿಯ ಮುಖ ನೋಡಿರಲಿಲ್ಲ. ಈಗ ಬಟ್ಟೆಗೆ ನೂರಕ್ಕೆ ಐದು. ತಂದೆ ಬಾಯಿಲೆಕ್ಕದಲ್ಲಿ ನಡೆಸಿದ ವ್ಯವಹಾರಕ್ಕೆ ಮಗನು ಹದಿನೈದು ಅಕ್ಷರದ ನೋಂದಣಿ ಸಂಖ್ಯೆ ಪಡೆದು ತಿಂಗಳು ತಿಂಗಳು ಲೆಕ್ಕ ಕಳಿಸಬೇಕಾಯಿತು. ೨೦೧೯ರಲ್ಲಿ ಸರಕಿನ ವ್ಯಾಪಾರಕ್ಕೆ ವಿನಾಯಿತಿಯ ಮಿತಿ ೪೦ ಲಕ್ಷಕ್ಕೆ ಏರಿದ ಮೇಲೆ ಎಷ್ಟೋ ಸಣ್ಣವರು ಉಸಿರುಬಿಟ್ಟರು. ಆದರೂ ದೊಡ್ಡ ಪೇಟೆಯ ಖರೀದಿದಾರ ನಂಬರು ಕೇಳುತ್ತಾನೆಂದು ಕೆಲವರು ನೋಂದಣಿಯನ್ನು ಬಿಡಲಿಲ್ಲ.

ಗಂಟು ಹೊತ್ತು ಕಚೇರಿಗೆ ಹೋಗುವ ಕಾಲ ಹೋಯಿತು. ಅಧಿಕಾರಿಯ ಬೆರಳು ಈಗ ಕಾಣುವುದಿಲ್ಲ. ನೋಟೀಸು ಪರದೆಯ ಮೇಲೆ ಬರುತ್ತದೆ. ಬಂದದ್ದು ಎಷ್ಟೋ ವೇಳೆ ಗಿರಾಕಿಗೆ ಗೊತ್ತೇ ಆಗುವುದಿಲ್ಲ. ಇಂಗ್ಲಿಷಿನ ನಾಲ್ಕು ಪುಟವನ್ನು ಓದಿ “ಇದರಾಗ ಏನ್ ಬರದದರೀ?” ಎಂಬ ಪ್ರಶ್ನೆಗೆ ನಾಲ್ಕು ಮಾತಿನಲ್ಲಿ ಉತ್ತರ ಹೇಳುವುದು ಸಲಹೆಗಾರನ ಕೆಲಸದ ಅರ್ಧ ಭಾಗ. ಮೋಡಿ ಓದಿಸಿಕೊಳ್ಳಲು ಕುಲಕರ್ಣಿಯ ಕಟ್ಟೆಗೆ ಹೋಗುತ್ತಿದ್ದವನ ಮರಿಮಗ ಮೆಟ್ಟಿಲು ಹತ್ತಿ ಬಂದು ಅದೇ ಪ್ರಶ್ನೆ ಕೇಳುತ್ತಾನೆ. ರೈತರ ಮಕ್ಕಳೂ ಬರತೊಡಗಿದ್ದಾರೆ. ಟ್ರ್ಯಾಕ್ಟರಿಗೋ ಮನೆಗೋ ಬ್ಯಾಂಕಿನ ಸಾಲ ಬೇಕಾದರೆ ಮೂರು ವರ್ಷದ ರಿಟರ್ನು ಕೇಳುತ್ತಾರೆ.

ಈ ಕೋಣೆಗಳಿಗೆ ಜುಲೈ ಬಲು ಬಿಗಿಯಾದ ತಿಂಗಳು. ೨೦ಕ್ಕೆ ಜೂನ್ ತಿಂಗಳ ಜಿ.ಎಸ್.ಟಿ. ಲೆಕ್ಕ, ತಿಂಗಳ ಕೊನೆಗೆ ಸಂಬಳದವರ ಆದಾಯದ ರಿಟರ್ನು. ೨೦ರ ರಾತ್ರಿ ದೇಶಕ್ಕೆ ದೇಶವೇ ಒಂದೇ ಬಾಗಿಲಿಗೆ ಬಂದು ನಿಲ್ಲುವುದರಿಂದ ಪರದೆಯ ಮೇಲಿನ ಚಕ್ರ ಸುತ್ತುತ್ತಲೇ ಇರುತ್ತದೆ. ಹನ್ನೆರಡು ಹೊಡೆಯುವುದರೊಳಗೆ ರಸೀತಿಯ ನಂಬರು ಬಂದರೆ ಬಂತು. ಮರುದಿನ ೨೧. ನರಗುಂದದಲ್ಲಿ ಬೆಳಿಗ್ಗೆಯೇ ಹಸಿರು ಶಾಲಿನವರು ಹುತಾತ್ಮ ರೈತನ ವೀರಗಲ್ಲಿಗೆ ಮಾಲೆ ಹಾಕಲು ಬರುತ್ತಾರೆ. ರಾತ್ರಿ ನಿದ್ದೆಗೆಟ್ಟ ಗುಮಾಸ್ತ ತಡವಾಗಿ ಬಂದು, ಘೋಷಣೆ ಕೂಗುವ ಗುಂಪು ದಾಟುವವರೆಗೆ ರಸ್ತೆಯ ಬದಿಯಲ್ಲಿ ನಿಂತು, ಆಮೇಲೆ ಮೆಟ್ಟಿಲು ಹತ್ತಿ ಬೀಗ ತೆಗೆಯುತ್ತಾನೆ.